ಭಂಗಿ ಕಾನೂನಿನ ಕಡತದಲ್ಲಿ ಕೂಸಿಗೂ ಒಂದು ಹಾಳೆ ಇರಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಆರೋಗ್ಯಾಧಿಕಾರಿಗಳು, ಕೋಲಾರ.

ವಿಷಯ: ಭಂಗಿ–ಗಾಂಜಾ ಕಾನೂನುಗಳ ಬದಲಾವಣೆ ಮತ್ತು ನವಜಾತ ಶಿಶುಗಳ ಆರೋಗ್ಯ.

ಮಾನ್ಯರೇ,

ಕೋಲಾರ ಜಿಲ್ಲೆಯ ಹೆರಿಗೆ ವಾರ್ಡುಗಳಲ್ಲಿ, ನವಜಾತ ಶಿಶು ಘಟಕಗಳಲ್ಲಿ ಕೆಲಸ ಮಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಗಾಂಜಾ ಕಾನೂನು ಸಡಿಲವಾಗಬೇಕೇ, ಬಿಗಿಯಾಗಬೇಕೇ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಅದಕ್ಕೆ ವಕೀಲರಿದ್ದಾರೆ, ಬೆಳೆಗಾರರಿದ್ದಾರೆ, ಸಂಜೆಯಾದರೆ ಟಿವಿಯವರೂ ಇದ್ದಾರೆ. ನಮ್ಮ ತಕರಾರು ಬೇರೆ. ಸಡಿಲಿಸಿ ಎನ್ನುವವರು ರೈತನ ಆದಾಯ, ಔಷಧ, ನಾರಿನ ಬಟ್ಟೆಯ ಬಗ್ಗೆ ಮಾತಾಡುತ್ತಾರೆ. ಬಿಗಿ ಮಾಡಿ ಎನ್ನುವವರು ಕಾಲೇಜು ಹುಡುಗರು ಕೆಡುತ್ತಿರುವ ಬಗ್ಗೆ ಮಾತಾಡುತ್ತಾರೆ. ಬಸುರಿ, ಬಾಣಂತಿ, ಕೂಸು ಎಂಬ ಮಾತು ಎರಡೂ ಕಡೆಯವರ ಬಾಯಲ್ಲಿ ಬರುವುದೇ ಇಲ್ಲ. ಕಾನೂನು ಯಾವ ಕಡೆಗೆ ತಿರುಗಿದರೂ ಅದರ ಬಿಸಿ ತಟ್ಟುವವರಲ್ಲಿ ಇವರೂ ಇದ್ದಾರೆ.

ಗಾಂಜಾ ಕಾನೂನು ಬದಲಾಗುವುದು ಅಮೆರಿಕದ ವಿಷಯ, ಕೋಲಾರಕ್ಕೇನು ಸಂಬಂಧ ಎಂದು ಕೇಳಬಹುದು. ಕಾನೂನು ಇಲ್ಲಿಯೂ ಅಲುಗಾಡುತ್ತಿದೆ, ಸದ್ದಿಲ್ಲದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಕರೆಯುವುದು ಗಿಡದ ಹೂ–ಕಾಯಿ ಬಿಟ್ಟ ತುದಿಯನ್ನು. ಚರಸ್ ಎಂಬ ರಾಳವೂ ಕಾಯ್ದೆಯ ಒಳಗಿದೆ. ಆದರೆ ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯಾನದ ಹೊರಗಿವೆ. ಹಾಗಾಗಿ ಎಲೆ ಅರೆದು ಉಂಡೆ ಕಟ್ಟುವ ಭಂಗಿ ಆಯಾ ರಾಜ್ಯದ ನಿಯಮಕ್ಕೆ ಬಿಟ್ಟ ವಿಷಯವಾಗಿ ಉಳಿದಿದೆ. 2022ರಲ್ಲಿ ನಮ್ಮ ಹೈಕೋರ್ಟೇ ಜಾಮೀನು ಆದೇಶವೊಂದರಲ್ಲಿ ಭಂಗಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿತು. ಅದಕ್ಕೆ ಹಿಂದಿನ ವರ್ಷ, 2021ರಲ್ಲಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಭಂಗಿ ಗಿಡದ ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಒಪ್ಪಿಕೊಂಡು, ಅದರಲ್ಲಿ ಟಿಎಚ್‌ಸಿ ಎಂಬ ಅಮಲಿನ ಅಂಶ ಎಷ್ಟು ಇರಬಹುದು ಎಂಬ ಮಿತಿ ಹಾಕಿತು. ಉತ್ತರಾಖಂಡ 2018ರಲ್ಲೇ ನಾರು–ಬೀಜಕ್ಕಾಗಿ ಶೇ 0.3ಕ್ಕಿಂತ ಕಡಿಮೆ ಟಿಎಚ್‌ಸಿ ಇರುವ ತಳಿಯ ಬೇಸಾಯಕ್ಕೆ ದಾರಿ ಮಾಡಿಕೊಟ್ಟಿತು. ಹಿಮಾಚಲ ಪ್ರದೇಶವೂ ಅದೇ ಹಾದಿಯಲ್ಲಿದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಈ ಗಿಡವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆದಾಗ 27–25ರ ಆ ಮತದಾನದಲ್ಲಿ ಭಾರತ ತೆಗೆಯುವವರ ಜೊತೆಗಿತ್ತು.

ಇದರಲ್ಲಿ ಯಾವುದನ್ನೂ ತಪ್ಪೆಂದು ನಾವು ಹೇಳುತ್ತಿಲ್ಲ. ಬೀಜದ ಎಣ್ಣೆಯಲ್ಲಿ ಟಿಎಚ್‌ಸಿ ನಾಮಮಾತ್ರ. ಅದಕ್ಕೂ ಗಾಂಜಾಕ್ಕೂ ಅಜಗಜಾಂತರ. ಆದರೆ ಇಷ್ಟು ಬಾಗಿಲು ಒಂದೊಂದಾಗಿ ತೆರೆಯುವಾಗ ಜನಕ್ಕೆ ತಲುಪುವ ಸುದ್ದಿ ಒಂದೇ: 'ಅದೀಗ ಪರವಾಗಿಲ್ಲವಂತೆ, ಸರ್ಕಾರವೇ ಒಪ್ಪಿದೆಯಂತೆ.' ಎಲೆ, ಹೂವು, ಬೀಜ ಎಂಬ ಭೇದ ಕಾಯ್ದೆ ಪುಸ್ತಕದಲ್ಲಿದೆ. ಎಲೆಯ ಟಿಎಚ್‌ಸಿಯೂ ಹೂವಿನ ಟಿಎಚ್‌ಸಿಯೂ ಬಸುರಿಯ ರಕ್ತಕ್ಕೆ ಒಂದೇ.

ಆ ಟಿಎಚ್‌ಸಿ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಕೊಬ್ಬಿನಲ್ಲಿ ಕರಗುವ ವಸ್ತು. ಸಾರಾಯಿಯಂತೆ ಮಾರನೆಯ ದಿನ ಇಳಿದು ಹೋಗುವುದಿಲ್ಲ. ಕೊಬ್ಬಿನಲ್ಲಿ ಕೂತು ದಿನಗಟ್ಟಲೆ ಮೆಲ್ಲಗೆ ಹೊರಬರುತ್ತದೆ. ಮಾಸನ್ನು ದಾಟಿ ಕೂಸಿನ ರಕ್ತಕ್ಕೆ ಸೇರುತ್ತದೆ. ತಾಯಿಯ ರಕ್ತದಲ್ಲಿರುವಷ್ಟು ಪ್ರಮಾಣ ಕೂಸಿಗೆ ಹೋಗುವುದಿಲ್ಲ ನಿಜ, ಆದರೆ ಹೋಗುವುದು ತಪ್ಪುವುದೂ ಇಲ್ಲ. ನಮ್ಮ ಮಿದುಳು ತಾನಾಗಿಯೇ ತಯಾರಿಸಿಕೊಳ್ಳುವ, ಇದೇ ಜಾತಿಯ ಕೆಲವು ರಾಸಾಯನಿಕಗಳಿವೆ. ನರಕೋಶ ಎಲ್ಲಿಗೆ ಹೋಗಿ ಕೂರಬೇಕು, ಯಾವುದಕ್ಕೆ ಕೊಂಡಿ ಹಾಕಬೇಕು ಎಂಬುದಕ್ಕೆ ಅವು ದಾರಿ ತೋರುತ್ತವೆ. ಅವು ಬಂದು ಅಂಟುವ ತಾಣಗಳು, ಅಂದರೆ ಗ್ರಾಹಕಗಳು, ಭ್ರೂಣದ ಮಿದುಳಿನಲ್ಲಿ ಸುಮಾರು 14ನೇ ವಾರದ ಹೊತ್ತಿಗೇ ಇರುತ್ತವೆ. ಹೊರಗಿನಿಂದ ಬಂದ ಟಿಎಚ್‌ಸಿ ಅದೇ ಗ್ರಾಹಕಕ್ಕೆ ಅಂಟುತ್ತದೆ. ಸೇದಿದರೆ ಇನ್ನೊಂದು ತೊಂದರೆ: ಹೊಗೆಯ ಇಂಗಾಲದ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಬೀಡಿಯ ಹೊಗೆಸೊಪ್ಪಿನ ಜೊತೆ ಬೆರೆಸಿ ಸೇದಿದರೆ, ನಮ್ಮಲ್ಲಿ ಸೇದುವುದೇ ಬಹುಪಾಲು ಹಾಗೆ, ನಿಕೋಟಿನ್ ಕೂಡ ಸೇರುತ್ತದೆ.

ತಿಂದರೆ ಹೊಗೆಯಿಲ್ಲ, ಹಾಗಾಗಿ ಒಳ್ಳೆಯದು ಎಂಬ ನಂಬಿಕೆಯೂ ಇದೆ. ಸೇದಿದ್ದು ನಿಮಿಷಗಳಲ್ಲಿ ಏರುತ್ತದೆ. ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. 'ಏನೂ ಆಗಲಿಲ್ಲವಲ್ಲ' ಎಂದು ಇನ್ನೊಂದು ಉಂಡೆ ನುಂಗಿದವರಿಗೆ ಎರಡೂ ಒಟ್ಟಿಗೆ ಏರಿ, ಗಂಟೆಗಟ್ಟಲೆ ಇಳಿಯುವುದಿಲ್ಲ. ಉಂಡೆಯಲ್ಲಿ ಎಷ್ಟು ಟಿಎಚ್‌ಸಿ ಇದೆ ಎಂದು ಅರೆದವರಿಗೂ ಗೊತ್ತಿರುವುದಿಲ್ಲ.

ಇನ್ನು ಕೂಸಿನ ತೂಕದ ಮಾತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2012ರಿಂದ 2017ರವರೆಗಿನ ಸುಮಾರು 6.6 ಲಕ್ಷ ಗರ್ಭಿಣಿಯರ ದಾಖಲೆಗಳನ್ನು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ವಯಸ್ಸು, ಆದಾಯ, ತಂಬಾಕು, ಮದ್ಯ ಎಲ್ಲದರಲ್ಲೂ ಸರಿಸಮವಾದ ಎರಡು ಗುಂಪು ಮಾಡಿ ಹೋಲಿಸಿದಾಗ, ಗಾಂಜಾ ಬಳಸಿದವರಲ್ಲಿ ಶೇ 10.2 ಹೆರಿಗೆಗಳು 37 ವಾರ ತುಂಬುವ ಮುಂಚೆ ಆದವು. ಬಳಸದವರಲ್ಲಿ ಶೇ 7.2. ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ನೋಡಿದ ವಿಶ್ಲೇಷಣೆಗಳು ಕಡಿಮೆ ತೂಕ, ಅವಧಿಪೂರ್ವ ಹೆರಿಗೆ, ಶಿಶು ತೀವ್ರ ನಿಗಾ ಘಟಕಕ್ಕೆ ದಾಖಲು, ಈ ಮೂರೂ ಹೆಚ್ಚಿರುವುದನ್ನು ತೋರಿಸಿವೆ.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. 2016ರ ಒಂದು ವಿಶ್ಲೇಷಣೆ, ತಂಬಾಕಿನ ಪರಿಣಾಮವನ್ನು ಲೆಕ್ಕದಿಂದ ತೆಗೆದರೆ ಅಪರೂಪಕ್ಕೆ ಬಳಸುವವರಲ್ಲಿ ವ್ಯತ್ಯಾಸ ಅಷ್ಟಾಗಿ ಉಳಿಯುವುದಿಲ್ಲ ಎಂದಿತ್ತು. ಬಸುರಿಯರಿಗೆ ಗಾಂಜಾ ಕೊಟ್ಟು ಪ್ರಯೋಗ ಮಾಡಲು ಯಾರಿಗೂ ಮನಸ್ಸೂ ಬಾರದು, ಅನುಮತಿಯೂ ಸಿಗದು. ಆದ್ದರಿಂದ ಎಲ್ಲ ಪುರಾವೆಯೂ ದಾಖಲೆ ನೋಡಿ ಕೂಡಿ ಕಳೆದದ್ದೇ. ಹಾಗಿದ್ದೂ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2017ರಲ್ಲಿ, ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಒಂದೇ ಸಲಹೆ ಕೊಟ್ಟವು: ಬಸುರಿನಲ್ಲೂ ಹಾಲೂಡಿಸುವಾಗಲೂ ಬೇಡ. ಸುರಕ್ಷಿತವೆನ್ನಬಹುದಾದ ಪ್ರಮಾಣ ಇಷ್ಟು ಎಂದು ಯಾರೂ ತೋರಿಸಿಲ್ಲ.

ನಮ್ಮ ದೇಶದಲ್ಲಿ ಹುಟ್ಟುವಾಗ ತೂಕ ಹಾಕಿದ ಮಕ್ಕಳಲ್ಲಿ ಶೇ 18ರಷ್ಟು ಮಕ್ಕಳು ಎರಡೂವರೆ ಕಿಲೋಗಿಂತ ಕಡಿಮೆ ಇರುತ್ತವೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದರಲ್ಲಿ ಗಾಂಜಾದ ಪಾಲು ಎಳ್ಳಷ್ಟಿರಬಹುದು. ರಕ್ತಹೀನತೆ, ಎಳೆ ವಯಸ್ಸಿನ ಬಸುರು, ಕಡ್ಡಿಪುಡಿ, ಒಲೆಯ ಹೊಗೆ, ಏಳು ತಿಂಗಳು ತುಂಬಿದ ಮೇಲೂ ಬಿಡದ ಕೂಲಿ, ಕಾರಣಗಳು ಸಾಲಾಗಿ ನಿಂತಿವೆ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೊರರಾಜ್ಯಗಳಿಂದ ಬಂದ ಕುಟುಂಬಗಳಲ್ಲಿ ಎಷ್ಟೋ ಬಸುರಿಯರಿಗೆ ತಾಯಿ ಕಾರ್ಡು ಸಿಗುವುದೇ ತಡವಾಗಿ. ಇಷ್ಟು ಭಾರ ಹೊತ್ತವರ ಮೇಲೆ ಇನ್ನೊಂದು ಕಲ್ಲು ಬೀಳುವುದು ಬೇಡ ಎಂಬುದು ನಮ್ಮ ಕಾಳಜಿ. ಈಗಾಗಲೇ 2.6 ಕಿಲೋ ಅಂಚಿನಲ್ಲಿರುವ ಕೂಸಿನ ತೂಕ ನೂರೈವತ್ತು ಗ್ರಾಂ ಇಳಿದರೂ ಅದು ಸಣ್ಣ ಲೆಕ್ಕವಲ್ಲ.

ಕಾನೂನು ಸಡಿಲವಾದ ಕಡೆ ಬಸುರಿಯರ ಬಳಕೆ ಹೇಗೆ ಬದಲಾಯಿತು ಎಂಬುದಕ್ಕೆ ಕೆಲವು ಅಂಕಿಗಳಿವೆ. ಕ್ಯಾಲಿಫೋರ್ನಿಯಾದ ದೊಡ್ಡ ಆರೋಗ್ಯ ಸಂಸ್ಥೆಯೊಂದು ಎಲ್ಲ ಗರ್ಭಿಣಿಯರನ್ನೂ ಕೇಳಿ, ಮೂತ್ರ ಪರೀಕ್ಷೆಯನ್ನೂ ಮಾಡುತ್ತಿತ್ತು. 2009ರಲ್ಲಿ ಶೇ 4.2 ಇದ್ದದ್ದು 2016ಕ್ಕೆ ಶೇ 7.1 ಆಗಿತ್ತು. ಆ ಅವಧಿಯ ಬಹುಪಾಲು ಕ್ಯಾಲಿಫೋರ್ನಿಯಾದಲ್ಲಿ ಔಷಧಕ್ಕೆ ಮಾತ್ರ ಅನುಮತಿ ಇತ್ತು. ಮೋಜಿಗಾಗಿ ಮಾರುವ ಅಂಗಡಿ ತೆರೆದಿರಲಿಲ್ಲ. ಅಂದರೆ ಕಾನೂನು ಪೂರ್ತಿ ಬದಲಾಗುವವರೆಗೆ ಜನರ ಅಭಿಪ್ರಾಯ ಕಾಯುವುದಿಲ್ಲ. ಕಾನೂನು ಸಡಿಲಿಸಿದ ಪ್ರತಿ ರಾಜ್ಯದಲ್ಲೂ ಕೂಸುಗಳ ತೂಕ ಕುಸಿಯಿತು ಎನ್ನುವಂಥ ಏಕರೂಪದ ಫಲಿತಾಂಶ ಬಂದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಬಾಗಿಲು ತೆರೆದು, 2025ರಲ್ಲಿ ಮತ್ತೆ ವೈದ್ಯರ ಚೀಟಿ ಬೇಕೆಂದು ಅರ್ಧ ಮುಚ್ಚಿತು. ಮೂರು ವರ್ಷದಲ್ಲಿ ಹೀಗೆ ತೆರೆದು ಮುಚ್ಚುವುದಾದರೆ, ನಡುವೆ ಹುಟ್ಟಿದ ಕೂಸುಗಳ ಲೆಕ್ಕ ಇಡುವವರು ಯಾರು?

ಕೊಲರಾಡೊ ರಾಜ್ಯದ ಒಂದು ಸಂಗತಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೆ ಹಚ್ಚಿದೆ. ಅಲ್ಲಿ ಅಂಗಡಿ ಮಾರಾಟ ಶುರುವಾದದ್ದು 2014ರ ಜನವರಿ 1ರಂದು. ಕೆಲವು ವರ್ಷಗಳ ನಂತರ ಸಂಶೋಧಕರು 400 ಅಂಗಡಿಗಳಿಗೆ ಫೋನು ಮಾಡಿ, 'ನಾನು ಎಂಟು ವಾರದ ಬಸುರಿ, ವಾಕರಿಕೆ ತಡೆಯಲಾಗುತ್ತಿಲ್ಲ, ಏನಾದರೂ ಕೊಡುತ್ತೀರಾ' ಎಂದು ಕೇಳಿದರು. ಹತ್ತರಲ್ಲಿ ಸುಮಾರು ಏಳು ಅಂಗಡಿಯವರು ಗಾಂಜಾ ಉತ್ಪನ್ನವನ್ನೇ ಶಿಫಾರಸು ಮಾಡಿದರು. 2018ರಲ್ಲಿ ಇದು ಪ್ರಕಟವಾಯಿತು. ಕೌಂಟರಿನ ಹಿಂದೆ ನಿಂತವರು ಕೆಟ್ಟವರೇನಲ್ಲ. ಕಾನೂನು ಅವರಿಗೆ ಮಾರಲು ಪರವಾನಗಿ ಕೊಟ್ಟಿತ್ತು, ಬಸುರಿ ಬಂದರೆ ಏನು ಹೇಳಬೇಕೆಂದು ಕಲಿಸಿರಲಿಲ್ಲ, ಅಷ್ಟೆ.

ವಾಕರಿಕೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಬಹುಕಾಲ ದಿನವೂ ಗಾಂಜಾ ಬಳಸುವವರಲ್ಲಿ ಕೆಲವರಿಗೆ ಅದರಿಂದಲೇ ನಿಲ್ಲದ ವಾಂತಿ ಹಿಡಿಯುತ್ತದೆ. ಬಿಸಿನೀರು ಮೈಮೇಲೆ ಸುರಿದುಕೊಂಡಷ್ಟು ಹೊತ್ತು ನೆಮ್ಮದಿ, ಆಮೇಲೆ ಮತ್ತೆ ಶುರು. ಬಸುರಿಯಲ್ಲಿ ಇದು ಕಂಡರೆ ಬಸುರಿನ ವಾಂತಿಯೆಂದೇ ಗ್ರಹಿಸಿ ಡ್ರಿಪ್ ಹಾಕಿ ಕಳಿಸುತ್ತೇವೆ. ಅವಳು ವಾಂತಿ ನಿಲ್ಲಲೆಂದು ಮನೆಯಲ್ಲಿ ಮತ್ತೆ ಅದನ್ನೇ ತೆಗೆದುಕೊಳ್ಳುತ್ತಾಳೆ. 'ಬಿಸಿನೀರಿನ ಸ್ನಾನ ಮಾಡಿದರೆ ಕಡಿಮೆಯಾಗುತ್ತದೆಯೇ' ಎಂಬ ಒಂದು ಪ್ರಶ್ನೆ ಸಾಕು ಸಂಶಯ ಹುಟ್ಟಲು. ವಾಕರಿಕೆಗೆ ಡಾಕ್ಸಿಲಮೈನ್–ಪಿರಿಡಾಕ್ಸಿನ್ ಮಾತ್ರೆ ನಮ್ಮ ಯಾವ ಊರಿನ ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ಅದು ದಶಕಗಳಿಂದ ಬಳಕೆಯಲ್ಲಿದೆ. ಎದ್ದ ಕೂಡಲೇ ಒಣ ರಸ್ಕು, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಊಟ, ಶುಂಠಿ. ಬೇರೆ ಗಿಡದ ಅಗತ್ಯವಿಲ್ಲ.

ಈಗ ನಮ್ಮ ನಿಜವಾದ ದೂರಿಗೆ ಬರುತ್ತೇವೆ. ಆಯುರ್ವೇದದಲ್ಲಿ 'ವಿಜಯಾ' ಎಂಬ ಹೆಸರಿನಲ್ಲಿ ಭಂಗಿ ಹಳೆಯ ದ್ರವ್ಯ. ಅದನ್ನು ಸೇರಿಸಿದ ಎಣ್ಣೆ, ಮಾತ್ರೆಗಳನ್ನು ನಿದ್ದೆಗೆ, ನೋವಿಗೆ, ಮುಟ್ಟಿನ ಹೊಟ್ಟೆನೋವಿಗೆ ಎಂದು ಅಂತರ್ಜಾಲದಲ್ಲಿ ಮಾರುತ್ತಾರೆ. ಬೆಂಗಳೂರಿಗೆ ಬರುವ ಪಾರ್ಸೆಲ್ ಮುಳಬಾಗಿಲಿಗೂ ಬರುತ್ತದೆ. ಔಷಧ ಮತ್ತು ಪ್ರಸಾಧನ ನಿಯಮಗಳಲ್ಲಿ ವಿಷಕರ ದ್ರವ್ಯಗಳ ಪಟ್ಟಿಯಾದ ಇ(1) ಅನುಸೂಚಿಯಲ್ಲಿ ಭಂಗಿಯ ಹೆಸರಿದೆ. ಅಂಥ ದ್ರವ್ಯವಿರುವ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಮೇಲೆ 'ಎಚ್ಚರಿಕೆ: ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಿ' ಎಂಬ ಅರ್ಥದ ಮಾತು ಇರಬೇಕೆಂದು 161ನೇ ನಿಯಮ ಹೇಳುತ್ತದೆ. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಶ್ರೀನಿವಾಸಪುರದ ಹಳ್ಳಿಯೊಂದರಲ್ಲಿ ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಓದಿದ ಹೆಣ್ಣುಮಗಳು ಆ ಪೊಟ್ಟಣ ಹಿಡಿದು ಏನು ಓದಿಕೊಳ್ಳಬೇಕು? ಇಷ್ಟಕ್ಕೂ ಆ ಎಚ್ಚರಿಕೆಯಲ್ಲಿ ಬಸುರಿ ಎಂಬ ಪದವೇ ಇಲ್ಲ. ಬೀಡಿ ಕಟ್ಟಿನ ಮೇಲೆ ಎಷ್ಟು ದೊಡ್ಡ ಚಿತ್ರ ಹಾಕಿಸಿದ್ದೇವೆ!

ಎರಡನೆಯದು, ನಾವು ಕೇಳುವುದೇ ಇಲ್ಲ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಟಿಡಿ ಚುಚ್ಚುಮದ್ದು ಎಲ್ಲಕ್ಕೂ ಜಾಗವಿದೆ. ಭಂಗಿ–ಗಾಂಜಾಕ್ಕೆಂದು ಒಂದು ಅಂಕಣವಿಲ್ಲ. ಗರ್ಭಿಣಿಯ ಪ್ರತಿ ಭೇಟಿಯಲ್ಲೂ ಮದ್ಯ ಮತ್ತು ಇತರ ಮಾದಕ ವಸ್ತುಗಳ ಬಗ್ಗೆ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಕೇಳುವುದಕ್ಕೂ ಒಂದು ಕ್ರಮ ಬೇಕು. ಅತ್ತೆ, ಗಂಡ ಪಕ್ಕದಲ್ಲಿ ಕೂತಿರುವಾಗ ಕೇಳಿದರೆ ಬರುವ ಉತ್ತರ ಒಂದೇ. ತೂಕ ನೋಡುವ ನೆಪದಲ್ಲಿ ಒಳಗೆ ಕರೆದು ಒಬ್ಬಳನ್ನೇ ಕೇಳಬೇಕು. ನೇರವಾಗಿ ಗಾಂಜಾದಿಂದ ಶುರು ಮಾಡಬಾರದು; ಮೊದಲು ಎಲೆಅಡಿಕೆ, ಕಡ್ಡಿಪುಡಿ, ಆಮೇಲೆ ಬೀಡಿ–ಸಿಗರೇಟು, ಮನೆಯಲ್ಲಿ ಯಾರು ಸೇದುತ್ತಾರೆ, ಆಮೇಲೆ ಮದ್ಯ, ಕೊನೆಗೆ ಭಂಗಿ, ಗಾಂಜಾ, ನಿದ್ದೆಗೆಂದು ತರಿಸಿದ ಎಣ್ಣೆ–ಮಾತ್ರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ 'ಗಂಜಾಯಿ' ಎಂದೂ ಕೇಳಬೇಕು. ಬೀದಿ ಭಾಷೆ ಬಳಸಿದರೆ ಜನ ತೆರೆದುಕೊಳ್ಳುತ್ತಾರೆ ಎಂದು ಯಾರಾದರೂ ನಮೂನೆಯಲ್ಲಿ 'ಸೊಪ್ಪು' ಎಂದು ಅಚ್ಚು ಹಾಕಿಸದಿರಲಿ. ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ 'ದಿನಾ ಸೊಪ್ಪು ತಿನ್ನಿ' ಎಂದು ಹೇಳುವವರು. ಬಸ್ಸಾರಿನ ಜಿಲ್ಲೆಯಲ್ಲಿ ಆ ಅಂಕಣದ ತುಂಬ 'ಹೌದು' ಎಂದೇ ಬರುತ್ತದೆ.

ಮೂರನೆಯದು ಪರೀಕ್ಷೆಯ ವಿಷಯ. ಕೂಸು ಹುಟ್ಟಿದ ಮೇಲೆ ಮೂತ್ರ ತೆಗೆದು ನೋಡಿದರೆ ಆಯಿತಲ್ಲ, ತಾಯಿಯನ್ನು ಕೇಳುವುದೇಕೆ ಎಂದು ಹೇಳುವವರಿದ್ದಾರೆ. ಕೂಸಿನ ಮೂತ್ರ ಹೆರಿಗೆಗೆ ಮುಂಚಿನ ಕೆಲವು ದಿನಗಳ ಕಥೆಯನ್ನಷ್ಟೇ ಹೇಳುತ್ತದೆ. ಮೊದಲ ಕಪ್ಪು ಮಲ ಕೊನೆಯ ತಿಂಗಳುಗಳ ಕಥೆ ಹೇಳೀತು, ಆದರೆ ಅದು ಒಂದೆರಡು ದಿನದಲ್ಲಿ ಹೋಗಿಬಿಡುತ್ತದೆ. ಪೂರ್ತಿ ಸಂಗ್ರಹಿಸಿ ತಂಪಿನಲ್ಲಿಟ್ಟು ಕಳಿಸಬೇಕು. ಮೊದಲ ಹಂತದ ಸರಳ ಪರೀಕ್ಷೆಗಳು ತಪ್ಪುತ್ತವೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಇದೆ: ಅಮೆರಿಕದ ನಾರ್ತ್ ಕೆರೊಲಿನಾದ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುಗಳ ಮೂತ್ರದಲ್ಲಿ ಗಾಂಜಾ ಇದೆ ಎಂಬ ಫಲಿತಾಂಶ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಹುಡುಕಿ ನೋಡಿದರೆ ಕೂಸಿಗೆ ಸ್ನಾನ ಮಾಡಿಸುವ ಸೋಪಿನ ಕೆಲವು ಅಂಶಗಳು ಮೂತ್ರದ ಮಾದರಿಯಲ್ಲಿ ಸೇರಿ ಆ ಪರೀಕ್ಷೆಯನ್ನು ಮೋಸಗೊಳಿಸಿದ್ದವು. 2012ರಲ್ಲಿ ಇದು ಪ್ರಕಟವಾಯಿತು. ವಸ್ತುವನ್ನು ನಿಖರವಾಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ಖಚಿತಪಡಿಸದೆ ಅಂಥ ಫಲಿತಾಂಶವನ್ನು ತಾಯಿಯ ಕೇಸ್ ಶೀಟಿನಲ್ಲಿ ಬರೆಯುವುದು ಅನ್ಯಾಯ.

ಗಾಂಜಾಕ್ಕೆ ಒಡ್ಡಿಕೊಂಡ ಕೂಸನ್ನು ನೋಡಿದ ಕೂಡಲೇ ಗುರುತಿಸಲೂ ಆಗದು. ಅಫೀಮು ಜಾತಿಯ ವಸ್ತು ನಿಂತಾಗ ಕೂಸಿನಲ್ಲಿ ಕಾಣುವಂಥ ಸ್ಪಷ್ಟ ಲಕ್ಷಣಗಳ ಪಟ್ಟಿ ಇದಕ್ಕಿಲ್ಲ. ಕೆಲವು ಕೂಸುಗಳಲ್ಲಿ ನಡುಕ, ಸಣ್ಣ ಸದ್ದಿಗೂ ಬೆಚ್ಚಿ ಬೀಳುವುದು, ಕೀಚಲು ಅಳು, ನಿದ್ದೆಯ ಏರುಪೇರು ಕಾಣಬಹುದು. ನಡುಗುವ ಕೂಸಿನ ಕೈಯನ್ನು ಮೆಲ್ಲಗೆ ಮಡಿಸಿ ಹಿಡಿದಾಗ ನಡುಕ ನಿಂತರೆ ಅದು ಫಿಟ್ಸ್ ಅಲ್ಲ. ಮೊದಲು ನೋಡಬೇಕಾದದ್ದು ರಕ್ತದ ಸಕ್ಕರೆ: 100 ಮಿಲಿಲೀಟರಿಗೆ 45 ಮಿಲಿಗ್ರಾಂಗಿಂತ ಕೆಳಗಿದ್ದರೆ ಚಿಕಿತ್ಸೆ ಅದಕ್ಕೆ. ಆಮೇಲೆ ಕ್ಯಾಲ್ಸಿಯಂ, ಆಮೇಲೆ ಸೋಂಕು. ಇವೆಲ್ಲ ಕಳೆದ ಮೇಲೆ ಗಾಂಜಾದ ಯೋಚನೆ. 1800 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಕೂಸು ಹೇಗೂ ವಿಶೇಷ ನವಜಾತ ಶಿಶು ಘಟಕಕ್ಕೆ ಬರುತ್ತದೆ. ಆಪತ್ತಿರುವುದು 1.9ರಿಂದ 2.4 ಕಿಲೋ ನಡುವಿನವುಗಳಿಗೆ: ತಾಯಿಯ ಜೊತೆ ವಾರ್ಡಿಗೆ ಹೋಗುತ್ತವೆ, ಚೀಪುವುದು ನಿಧಾನ, ಮೂರನೇ ದಿನ ಮನೆಗೆ. ಅಲ್ಲಿಂದ ಮುಂದೆ 3, 7, 14, 21, 28, 42ನೇ ದಿನಗಳಲ್ಲಿ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ತಕ್ಕಡಿಯೇ ಅವಕ್ಕೆ ಆಧಾರ. ಆ ತಕ್ಕಡಿ ಸರಿಯಿರಬೇಕು. ಕೂಸನ್ನು ಬರಿಮೈಗೆ ಅಪ್ಪಿ ಹಿಡಿದುಕೊಳ್ಳುವ ಕಾಂಗರೂ ಆರೈಕೆಯನ್ನು ಮನೆಯಲ್ಲೂ ದಿನಕ್ಕೆ ಕನಿಷ್ಠ 8 ಗಂಟೆ ಮುಂದುವರಿಸಲು ಅತ್ತೆಯನ್ನೂ ಒಪ್ಪಿಸಬೇಕು.

ಎದೆಹಾಲಿನ ವಿಚಾರದಲ್ಲಿ ಬಹಳ ಎಚ್ಚರಿಕೆ ಬೇಕು. 2018ರ ಅಧ್ಯಯನವೊಂದರಲ್ಲಿ ಗಾಂಜಾ ಬಳಸುವ ತಾಯಂದಿರ 54 ಹಾಲಿನ ಮಾದರಿಗಳಲ್ಲಿ ಶೇ 63ರಲ್ಲಿ ಟಿಎಚ್‌ಸಿ ಸಿಕ್ಕಿತು; ಕೊನೆಯ ಬಳಕೆಯಾಗಿ ಸುಮಾರು 6 ದಿನದವರೆಗೂ ಅದು ಕಾಣುತ್ತಿತ್ತು. ಇದನ್ನು ಓದಿದವರು 'ಹಾಗಾದರೆ ಹಾಲು ಬಿಡಿಸಿ' ಎಂದುಬಿಡುತ್ತಾರೆ. ಬಿಡಿಸಬೇಕಾದದ್ದು ಗಾಂಜಾ. ಡಬ್ಬಿ ಹಾಲು, ತೊಳೆಯದ ಬಾಟಲಿ, ಕುದಿಸದ ಕೊಳವೆಬಾವಿ ನೀರು ಸೇರಿದರೆ ನಮ್ಮ ಜಿಲ್ಲೆಯಲ್ಲಿ ಕೂಸಿಗೆ ಬರುವ ಭೇದಿ ಟಿಎಚ್‌ಸಿಗಿಂತ ಬೇಗ ಅದನ್ನು ಕೊಂಡೊಯ್ಯುತ್ತದೆ. ಭಯ ಹುಟ್ಟಿಸುವ ಒಂದು ಭಿತ್ತಿಪತ್ರದಿಂದ ಹತ್ತು ತಾಯಂದಿರು ಹಾಲು ನಿಲ್ಲಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ನಾಲ್ಕನೆಯದು ಪೊಲೀಸರ ಭಯ. ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನ ಪ್ರಕಾರ ಗಾಂಜಾ ಸೇವನೆಯೂ ಅಪರಾಧ: ಆರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಚಟಕ್ಕೆ ಬಿದ್ದವರು ತಾವಾಗಿಯೇ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮೂ ಅದೇ ಕಾಯ್ದೆಯಲ್ಲಿದೆ, ಆದರೆ ಅದು ಯಾವ ಬಸುರಿಗೆ ಗೊತ್ತು? ನಂಗಲಿ ಗಡಿಯಲ್ಲಿ ಲಾರಿ ತಡೆದು ಗಾಂಜಾ ಹಿಡಿಯುವುದು ಪೊಲೀಸರ ಕೆಲಸ, ಅವರು ಮಾಡಲಿ. ಗರ್ಭಿಣಿಯರ ತಪಾಸಣೆ ಕೊಠಡಿಗೆ ಆ ಕೆಲಸ ಬರಬಾರದು. ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಒಂದು ಸರ್ಕಾರಿ ಆಸ್ಪತ್ರೆ ಗರ್ಭಿಣಿಯರ ಒಪ್ಪಿಗೆಯಿಲ್ಲದೆ ಮೂತ್ರ ಪರೀಕ್ಷಿಸಿ ಫಲಿತಾಂಶವನ್ನು ಪೊಲೀಸರಿಗೆ ಕೊಡುತ್ತಿತ್ತು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಟೆನೆಸ್ಸೀ ರಾಜ್ಯ 2014ರಲ್ಲಿ ಬಸುರಿನಲ್ಲಿ ಮಾದಕ ವಸ್ತು ಬಳಸಿದ ತಾಯಿಯ ಮೇಲೆ ಮೊಕದ್ದಮೆ ಹೂಡುವ ಕಾಯ್ದೆ ತಂದು, 2016ರಲ್ಲಿ ಅದನ್ನು ಮುಂದುವರಿಸದೆ ಕೈಬಿಟ್ಟಿತು. ಆ ಎರಡು ವರ್ಷ ಹೆಂಗಸರು ತಪಾಸಣೆಗೇ ಬರಲು ಹೆದರುತ್ತಿದ್ದರು. ತಪಾಸಣೆ ತಪ್ಪಿದ ಬಸುರಿಗೆ ರಕ್ತದೊತ್ತಡ ಏರಿದ್ದು ಗೊತ್ತಾಗುವುದಿಲ್ಲ, ಹಿಮೋಗ್ಲೋಬಿನ್ ಏಳಕ್ಕಿಳಿದದ್ದು ಗೊತ್ತಾಗುವುದಿಲ್ಲ. ಗಾಂಜಾಕ್ಕಿಂತ ಅವು ಬೇಗ ಕೊಲ್ಲುತ್ತವೆ.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆಗಳು ಇವು. ಭಂಗಿ ಎಲೆ ಸೇರಿದ ಯಾವುದೇ ಔಷಧ, ಉಂಡೆ, ಚಾಕೊಲೇಟು, ಎಣ್ಣೆ ಕರ್ನಾಟಕದಲ್ಲಿ ಮಾರಾಟವಾಗುವುದಾದರೆ ಅದರ ಮೇಲೆ 'ಬಸುರಿಯರು, ಬಾಣಂತಿಯರು ತೆಗೆದುಕೊಳ್ಳಬಾರದು' ಎಂದು ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು. ನಿಯಮ ಕೇಂದ್ರದ್ದಾದರೆ ರಾಜ್ಯದಿಂದ ಕೇಂದ್ರಕ್ಕೆ ಪತ್ರ ಹೋಗಲಿ, ಅಲ್ಲಿಯವರೆಗೆ ರಾಜ್ಯದ ಆಯುಷ್ ಇಲಾಖೆ ಪರವಾನಗಿದಾರರಿಗೆ ಸುತ್ತೋಲೆ ಕಳಿಸಲಿ. ಭಂಗಿ ಮಾರಾಟಕ್ಕೆ ಎಂದಾದರೂ ನಿಯಮ ಮಾಡುವುದಾದರೆ, ಮಾರುವವರಿಗೆ ಬಸುರಿಯರ ವಿಷಯದಲ್ಲಿ ಅರ್ಧ ದಿನದ ತರಬೇತಿ ಪರವಾನಗಿಯ ಷರತ್ತಾಗಿರಲಿ.

ತಾಯಿ ಕಾರ್ಡಿನಲ್ಲಿ ಒಂದು ಸಾಲು ಸೇರಲಿ: ತಂಬಾಕು, ಮದ್ಯ, ಭಂಗಿ–ಗಾಂಜಾ, ಇದೆ, ಇಲ್ಲ, ಬಿಟ್ಟಿದ್ದಾರೆ. ಆದರೆ ಆ ಕಾರ್ಡು ಮನೆಯವರೆಲ್ಲರ ಕೈಗೆ ಹೋಗುವಂಥದು. ಹಾಗಾಗಿ ಕಾರ್ಡಿನ ಮೇಲೆ ಬರೀ 'ಕೇಳಲಾಗಿದೆ' ಎಂಬ ಗುರುತು, ಉತ್ತರ ಆಸ್ಪತ್ರೆಯ ರಿಜಿಸ್ಟರಿನಲ್ಲಿ. ಆ ರಿಜಿಸ್ಟರು ತನಿಖೆಗೆ, ಸಾಕ್ಷ್ಯಕ್ಕೆ ಬಳಕೆಯಾಗದಂತೆ ಆರೋಗ್ಯ ಮತ್ತು ಗೃಹ ಇಲಾಖೆ ಒಟ್ಟಿಗೆ ಲಿಖಿತ ಆದೇಶ ಹೊರಡಿಸಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಒಳಗೊಳ್ಳುತ್ತದೆ, ಗೋಪ್ಯತೆಯ ಹಕ್ಕನ್ನೂ ಕೊಡುತ್ತದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದೂ ಹೇಳುತ್ತದೆ. ಆದೇಶಕ್ಕೆ ಅದೇ ಬುನಾದಿ ಸಾಕು. 'ಇದೆ' ಎಂದವರಿಗೆ ಬೈಗುಳ ಬೇಡ. ಐದು ನಿಮಿಷದ ಮಾತು, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ, ಮುಂದಿನ ಭೇಟಿಯಲ್ಲಿ ಮತ್ತೆ ಒಂದು ಪ್ರಶ್ನೆ.

ತಾಯಿಯ ಲಿಖಿತ ಒಪ್ಪಿಗೆಯಿಲ್ಲದೆ ಅವಳದಾಗಲಿ ಕೂಸಿನದಾಗಲಿ ಮಾದಕ ವಸ್ತು ಪರೀಕ್ಷೆ ಮಾಡಬಾರದು. ಒಪ್ಪಿದರೂ, ಖಚಿತಪಡಿಸುವ ಪರೀಕ್ಷೆಯಾಗುವವರೆಗೆ ಫಲಿತಾಂಶ ಬರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಎಣಿಕೆ. ಅಮೆರಿಕದವರಿಗೆ ಏನು ಬದಲಾಯಿತು ಎಂದು ಹೇಳಲು ಸಾಧ್ಯವಾದದ್ದು ಕಾನೂನು ಬದಲಾಗುವ ಮುಂಚಿನಿಂದಲೂ ಅವರು ಕೇಳಿ ಬರೆದಿಟ್ಟುಕೊಂಡಿದ್ದರಿಂದ. 2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಸಮೀಕ್ಷೆ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇ 2.8, ಅಂದರೆ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ ಅಥವಾ ಚರಸ್ ಬಳಸುತ್ತಾರೆ ಎಂದಿತು. ಅದರಲ್ಲಿ ಕೋಲಾರದ ಬಸುರಿಯರ ಲೆಕ್ಕ ಸಿಗುವುದಿಲ್ಲ. ನಮ್ಮ ಜಿಲ್ಲೆಯ ಹೆಂಗಸರಲ್ಲಿ ಬಳಕೆ ಹೆಚ್ಚಾಗಿದೆ ಎಂದು ನಾವು ಗುಲ್ಲೆಬ್ಬಿಸುತ್ತಿಲ್ಲ. ಬಹುಶಃ ತೀರ ಕಡಿಮೆ ಇದೆ. ಕಡಿಮೆ ಇರುವಾಗಲೇ ಎಣಿಸಬೇಕು. ಹೆಚ್ಚಾದ ಮೇಲೆ ಎಣಿಸಲು ಕೂತರೆ ಎಲ್ಲಿಂದ ಹೆಚ್ಚಾಯಿತು ಎಂಬುದಕ್ಕೆ ಉತ್ತರವಿರುವುದಿಲ್ಲ.

ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಹೇಗೂ ನಡೆಯುತ್ತದೆ. ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ, ಈ ಆರೂ ತಾಲ್ಲೂಕುಗಳಲ್ಲಿ ಒಂದು ವರ್ಷ ಆ ದಿನ ಮಾತ್ರ, ಹೆಸರು ಬರೆಯದೆ, ಮೂರು ಪ್ರಶ್ನೆ ಕೇಳಿ ಒಟ್ಟು ಸಂಖ್ಯೆಯನ್ನು ತಿಂಗಳ ವರದಿಗೆ ಸೇರಿಸಲಿ. ಪಕ್ಕದಲ್ಲೇ ಆ ತಿಂಗಳು ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಬರಲಿ. ಪ್ರಶ್ನೆಗಳನ್ನು ಕನ್ನಡ, ತೆಲುಗು, ತಮಿಳು, ಉರ್ದು ಮತ್ತು ಒಡಿಯಾದಲ್ಲಿ ಬರೆದುಕೊಡಲು ನಾವು ಸಿದ್ಧ. ಬರುವ ತಿಂಗಳ 9ರಿಂದಲೇ ಶುರು ಮಾಡಲು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ತಮ್ಮಿಂದ ಒಂದು ಪುಟದ ಆದೇಶ ಬಂದರೆ ಸಾಕು.

ಇಂತಿ ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯ ಹೆರಿಗೆ ಮತ್ತು ನವಜಾತ ಶಿಶು ಆರೈಕೆಯ ವೈದ್ಯರು, ಶುಶ್ರೂಷಾ ಸಿಬ್ಬಂದಿ